ಬರುವವರ ಪಾಲಿನ ಜೋಳ

೧೩ ಜೂನ್ ೧೯೪೮, ಭಾನುವಾರ

ಇದು ನನ್ನ ಪುಸ್ತಕವಲ್ಲ, ನಮ್ಮವರದು. ಮೊದಲ ಇಪ್ಪತ್ತು ಹಾಳೆಗಳಲ್ಲಿ ಯಾರ ಮನೆಗೆ ಹೋದರು, ಯಾರಿಗೆ ಜ್ವರ, ಭಾನುವಾರ ಏನು ಹೇಳಬೇಕು ಎಂದೆಲ್ಲ ಕಾಗೆ ಕಾಲಿನಂಥ ಅಕ್ಷರದಲ್ಲಿ ಬರೆದಿದ್ದಾರೆ. ಏಪ್ರಿಲ್ ಒಂಬತ್ತಕ್ಕೆ ಬರಹ ನಿಂತಿದೆ. ಹನ್ನೆರಡಕ್ಕೆ ಉಸಿರು ನಿಂತಿತು. ವಾಂತಿಭೇದಿ ಎರಡೇ ದಿನದಲ್ಲಿ ಆರಡಿ ಆಳನ್ನು ಮಡಚಿ ಹಾಕಿತು. ಉಳಿದ ಹಾಳೆ ಖಾಲಿ ಬಿದ್ದಿರುವುದನ್ನು ನೋಡಲಾರದೆ ನಾನು ಬರೆಯಲು ಕುಳಿತಿದ್ದೇನೆ. ಮಕ್ಕಳಾಗಲಿಲ್ಲ. ಮನೆಯಲ್ಲಿ ಮಾತಾಡಲು ಬೇರೆ ಯಾರೂ ಇಲ್ಲ.

ನಮ್ಮವರು, ಪೆದ್ದಯ್ಯ, ಊರವರು ಮುಟ್ಟಿಸಿಕೊಳ್ಳದ ಈ ಕೇರಿಯ ಪಂತುಲು ಆಗಿದ್ದರು. ಮಕ್ತಲಕ್ಕೆ ಎರಡು ಹರದಾರಿ ದೂರದ ಈ ಊರಿಗೆ ಮಿಶನ್ನಿನವರು ಕಳಿಸಿ ಹತ್ತೊಂಬತ್ತು ವರ್ಷ. ಮಕ್ಕಳಿಗೆ ಅಕ್ಷರ ಹೇಳುವುದು, ಭಾನುವಾರದ ಪ್ರಾರ್ಥನೆ, ಸತ್ತವರ ಮಣ್ಣು, ಗಂಡ ಹೆಂಡಿರ ಜಗಳ, ಎಲ್ಲ ಅವರ ತಲೆಗೇ. ಹೊಸ ಪಂತುಲು ಬರುವವರೆಗೆ ಪ್ರಾರ್ಥನಾ ಮನೆಯ ಬೀಗದ ಕೈ ನನ್ನ ಸೆರಗಿನ ಗಂಟಿನಲ್ಲಿದೆ. ಇವತ್ತೂ ನಾನೇ ಬಾಗಿಲು ತೆಗೆದೆ. ಹನ್ನೊಂದು ಜನ ಬಂದಿದ್ದರು. ಸತ್ಯವೇದದ ಒಂದು ಪುಟ ಓದಿ ಮುಚ್ಚಿದೆ. ಮುದುಕಿ ಮೈಲಮ್ಮ, ಇಷ್ಟೇನಾ ಎಂದು ಕೇಳಿದಳು. ಇಷ್ಟೇ, ಉಳಿದದ್ದು ಹೊಸಬರು ಬಂದ ಮೇಲೆ ಎಂದೆ. ಕಾಸಿಗೆ ತಕ್ಕ ಕಜ್ಜಾಯ ಅಲ್ಲವೇ, ನನಗೆ ಯಾರೂ ಈ ಕೆಲಸ ಕೊಟ್ಟಿಲ್ಲ.

ಹೋಗುವಾಗ ಹೆಂಗಸರು ಹಿಡಿ ಜೋಳ ಸುರಿದರು. ಈ ಕೇರಿಯ ಪದ್ಧತಿ ಇದು. ಬೀಸುವ ಕಲ್ಲಿನ ಮುಂದೆ ಕೂತಾಗಲೆಲ್ಲ ಮೊದಲ ಹಿಡಿ ಜೋಳವನ್ನು ಬೇರೆ ಕುಡಿಕೆಗೆ ಹಾಕುತ್ತಾರೆ, ಭಾನುವಾರ ತಂದು ಪ್ರಾರ್ಥನಾ ಮನೆಯ ಮೂಲೆಯ ದೊಡ್ಡ ಹರವಿಗೆ ಸುರಿಯುತ್ತಾರೆ. ಅದೇ ಪಂತುಲು ಮನೆಯ ಅನ್ನ. ನಾವಿಬ್ಬರು ಹತ್ತೊಂಬತ್ತು ವರ್ಷ ತಿಂದದ್ದು ಆ ಹರವಿಯ ರೊಟ್ಟಿಯನ್ನೇ. ಅವರು ಹೋದ ದಿನದಿಂದ ನಾನು ಅದನ್ನು ಮುಟ್ಟಿಲ್ಲ. ಅದು ಬರುವವರ ಪಾಲು. ಮುಚ್ಚಳಕ್ಕೆ ಬಟ್ಟೆ ಬಿಗಿದು ಕಟ್ಟಿದ್ದೇನೆ.

೨೦ ಜೂನ್, ಭಾನುವಾರ

ನಾರಾಯಣಪೇಟೆಯ ಪಾದ್ರಿ ಲಿಂಗಣ್ಣನವರಿಗೆ ನಾಲ್ಕನೆಯ ಕಾಗದ ಬರೆದೆ. ಬೇಗ ಒಬ್ಬರನ್ನು ಕಳಿಸಿರಿ, ಕುರಿ ಕಾಯುವವರಿಲ್ಲ ಎಂದು. ದೇವರಿಗೂ ದಿನಾ ಅದೇ ಅರ್ಜಿ. ಕರ್ತನೇ, ಕುಂಟನಾದರೂ ಸರಿ, ಹಾಡಲು ಬಾರದವನಾದರೂ ಸರಿ, ಒಬ್ಬನನ್ನು ಕಳಿಸು.

ಹಾಡಿನ ಮಾತು ಬಂದರೆ ನಮ್ಮವರ ನೆನಪಾಗುತ್ತದೆ. ಅವರು ದನಿ ತೆಗೆದರೆ ಹಿಂದಿನ ಸಂದಿಯ ನಾಯಿ ಎದ್ದು ಹೋಗುತ್ತಿತ್ತು. ಎಮ್ಮೆ ಕಾಯುತ್ತಿದ್ದಾಗ ತಮಗೆ ಕರೆ ಬಂದ ಕಥೆಯನ್ನು ಅವರು ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು. ಹದಿನೇಳು ವರ್ಷದ ಹುಡುಗ, ನೆತ್ತಿಯ ಮೇಲೆ ಬಿಸಿಲು, ಯಾರೋ ಹೆಸರು ಹಿಡಿದು ಕೂಗಿದಂತಾಯಿತಂತೆ. ತಿರುಗಿ ನೋಡಿದರೆ ಎಮ್ಮೆ ಬಿಟ್ಟರೆ ಯಾರೂ ಇಲ್ಲ. ಆ ಹೊತ್ತಿಗೇ ಕೋಲು ಬಿಸಾಡಿ ಮಿಶನ್ ಬಂಗಲೆಗೆ ನಡೆದರಂತೆ. ಎಮ್ಮೆಗಳ ಗತಿ ಏನಾಯಿತು ಎಂದು ನಾನು ಕೇಳಿದರೆ ಸಿಟ್ಟಾಗುತ್ತಿದ್ದರು.

ನನಗೆ ಅಂಥ ಕರೆ ಯಾವತ್ತೂ ಬಂದಿಲ್ಲ. ನನ್ನನ್ನು ಕರೆದದ್ದು ಅವರು ಮಾತ್ರ, ಅದೂ ನೀರು ತಾ ಅಂತ.

೨ ಜುಲೈ, ಶುಕ್ರವಾರ

ಗದ್ವಾಲದಿಂದ ಸಂಗಮ್ಮನ ಕಾಗದ ಬಂತು. ಹನ್ನೆರಡು ದಿನ ತಿರುಗಿ ಬಂದಿದೆ, ದಾರಿಗಳು ಸರಿಯಿಲ್ಲ. ಅಲ್ಲಿಯ ಹುಡುಗಿಯರ ಮಿಶನ್ ಬೋರ್ಡಿಂಗ್ ನೋಡಿಕೊಳ್ಳುವ ಆಕೆಗೆ ವಯಸ್ಸಾಗಿ ಕಣ್ಣು ಮಂಜಾಗಿದೆಯಂತೆ. ಮೇಲ್ವಿಚಾರಣೆಗೆ ಒಬ್ಬ ಹೆಂಗಸು ಬೇಕು, ಇಲ್ಲಿಯ ಬಿಳಿ ದೊರಸಾನಿಯವರು ನಿನ್ನ ಹೆಸರಿಗೆ ಒಪ್ಪಿದ್ದಾರೆ, ಪೆಟ್ಟಿಗೆ ಕಟ್ಟು ಎಂದು ಬರೆದಿದ್ದಾಳೆ. ಒಂದು ಕೋಣೆ, ಎರಡು ಹೊತ್ತು ಅನ್ನ, ಸುತ್ತ ಐವತ್ತು ಹುಡುಗಿಯರು. ಹೊಸ ವರ್ಷದ ಲೆಕ್ಕಕ್ಕೆ ನವೆಂಬರ್ ಐದರೊಳಗೆ ಬರಬೇಕು. ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ.

ಕಾಗದವನ್ನು ಮೂರು ಸಲ ಓದಿದೆ. ನನ್ನ ಅಪ್ಪ ನಾರಾಯಣಪೇಟೆಯ ನೇಕಾರ. ಮಗ್ಗದ ಮುಂದೆ ಕೂತೇ ವೇದ ಕೇಳಿ ಕೇಳಿ ಕ್ರಿಸ್ತನ ವಿಶ್ವಾಸಿಯಾದವನು. ನಾನು ಎಂಟು ವರ್ಷದವಳಿದ್ದಾಗ ಬಂಡಿಯಲ್ಲಿ ಕರೆದುಕೊಂಡು ಹೋಗಿ, ಕೃಷ್ಣೆಯಲ್ಲಿ ಹರಿಗೋಲು ಹತ್ತಿಸಿದ. ಹರಿಗೋಲು ಗಿರಗಿರ ತಿರುಗಿದಾಗ ನಾನು ಅಪ್ಪನ ಧೋತರ ಹಿಡಿದು ಕಿರುಚಿದ್ದೆ. ಆಚೆ ದಡದಲ್ಲಿ ಅವನು ನನಗೆ ಬೆಲ್ಲ ಕೊಡಿಸಿದ. ಬೋರ್ಡಿಂಗಿನ ಬಾಗಿಲಲ್ಲಿ ಬಿಟ್ಟು ತಿರುಗಿ ನೋಡದೆ ಹೋದ. ಆ ರಾತ್ರಿ ಅಳುತ್ತಿದ್ದ ನನ್ನನ್ನು ತನ್ನ ಕೌದಿಯೊಳಗೆ ಎಳೆದುಕೊಂಡವಳು ಸಂಗಮ್ಮ. ಆಕೆ ನನಗಿಂತ ಏಳು ವರ್ಷ ದೊಡ್ಡವಳು, ಒಂದು ಕೌದಿಯಲ್ಲಿ ಮೂರು ವರ್ಷ ಮಲಗಿದೆವು.

ಊರಲ್ಲಿ ಬುಗ್ಗಮ್ಮ ಆಗಿದ್ದ ನನಗೆ ದೀನಮ್ಮ ಎಂಬ ಹೆಸರು ಬಂದದ್ದು ಅಲ್ಲಿ. ಶನಿವಾರ ಸಾಲಾಗಿ ಕೂತು ಒಬ್ಬರ ತಲೆಗೆ ಒಬ್ಬರು ಎಣ್ಣೆ ಹಚ್ಚುತ್ತಿದ್ದೆವು. ಬುಧವಾರ ಅನ್ನ, ಪುಂಡಿಪಲ್ಯ. ಸಂಜೆ ಲಾಟೀನು ಒರೆಸುವ ಪಾಳಿ. ಪೇಟೆ ಬೀದಿಯಲ್ಲಿ ನಡೆದರೆ ಎರಡೂ ಕಡೆ ಮಗ್ಗದ ಸದ್ದು, ನನಗೆ ಅಪ್ಪ ಅಲ್ಲೇ ಎಲ್ಲೋ ಕೂತಿದ್ದಾನೆ ಅನ್ನಿಸುತ್ತಿತ್ತು. ನಾನು ಸುಖವಾಗಿದ್ದ ಕಾಲ ಅಂದರೆ ಅದು. ನಲವತ್ತೈದು ವರ್ಷದ ಹೆಂಗಸು ಹೀಗೆ ಬರೆಯಬಾರದು, ಆದರೆ ಯಾರು ಓದುತ್ತಾರೆ?

ಹೋಗುತ್ತೇನೆ. ಹೊಸ ಪಂತುಲು ಬಂದು ಬೀಗದ ಕೈ, ಹರವಿ ಎರಡನ್ನೂ ಒಪ್ಪಿಸಿಕೊಂಡ ಮರುದಿನವೇ ಹೋಗುತ್ತೇನೆ.

೧೮ ಜುಲೈ, ಭಾನುವಾರ

ಇವತ್ತು ಓದಿ ಮುಚ್ಚಲು ಹೋದಾಗ ಮೈಲಮ್ಮ, ಓದಿದ್ದು ತಿಳಿಯಲಿಲ್ಲ, ನಮ್ಮ ಮಾತಿನಲ್ಲಿ ಹೇಳು ಎಂದಳು. ತಪ್ಪಿಸಿಕೊಂಡ ಕುರಿಯ ಕಥೆ. ಹೇಳಿದೆ. ನಡುವೆ ಆಕೆಯೇ ಬಾಯಿ ಹಾಕಿ, ಕುರಿ ಸಿಕ್ಕಿದ ಮೇಲೆ ಆ ತೊಂಬತ್ತೊಂಬತ್ತು ಎಲ್ಲಿದ್ದವು, ತೋಳ ಬರಲಿಲ್ಲವೇ ಎಂದು ಕೇಳಿದಳು. ನನ್ನ ಗಂಡನ ಎಮ್ಮೆ ನೆನಪಾಗಿ ನಗು ತಡೆಯಲಾಗಲಿಲ್ಲ. ಎಲ್ಲರೂ ನಕ್ಕರು. ಪ್ರಾರ್ಥನೆಯಲ್ಲಿ ಹೀಗೆ ನಗಬಾರದು. ಹೊಸ ಪಂತುಲು ಬಂದರೆ ಸರಿಮಾಡುತ್ತಾರೆ.

ನಾನು ಪ್ರಾರ್ಥನೆ ಕಲಿತದ್ದು ತೆಲುಗಿನಲ್ಲಿ, ಬೈಯುವುದು ಉರ್ದುವಿನಲ್ಲಿ, ಅಳುವುದು ಕನ್ನಡದಲ್ಲಿ. ಇಲ್ಲಿ ಮೂರೂ ಕಲಸಿ ಕಥೆ ಹೇಳಿದೆ. ಹದಿನೇಳು ಜನ.

೩೦ ಜುಲೈ, ಶುಕ್ರವಾರ

ತಾಯಪ್ಪನ ತಾಯಿ ತೀರಿಹೋದಳು. ತಾಯಪ್ಪ ಕೇರಿಯ ಹಿರಿಯ, ಚಪ್ಪಲಿ ಹೊಲಿಯುವವನು, ಮಾತು ಕಡಿಮೆ. ಬಾಗಿಲಿಗೆ ಬಂದು ಮಣ್ಣಿಗೆ ಯಾರು ಬರುತ್ತಾರೆ ಎಂದು ಕೇಳಿದ. ಹೆಂಗಸರು ಮಣ್ಣಿಗೆ ಹೋಗುವ ರೂಢಿ ಇಲ್ಲ. ಮಕ್ತಲಕ್ಕೆ ಆಳು ಕಳಿಸೋಣವೆಂದರೆ ದಾರಿಯಲ್ಲಿ ನಿಜಾಮರ ಕಡೆಯ ರಜಾಕಾರರು, ಸಿಕ್ಕಿದವರನ್ನು ಹೊರೆ ಹೊರಲು ಹಿಡಿಯುತ್ತಾರೆ. ಹಾಗೆಂದು ಎಮ್ಮೆ ಹೂಳಿದಂತೆ ಸುಮ್ಮನೆ ಹೂಳಲಾಗುತ್ತದೆಯೇ?

ನಮ್ಮವರ ಕೊಡೆ ತೆಗೆದುಕೊಂಡು ನಾನೇ ಹೋದೆ. ಮಳೆ ಬರುತ್ತಿತ್ತು. ಗುಂಡಿಯ ತಲೆಕಡೆ ನಿಂತು, ಅವರು ಹೇಳುತ್ತಿದ್ದ ಮಾತುಗಳನ್ನು ನೆನಪಾದಷ್ಟು ಹೇಳಿದೆ. ಹೇಳುತ್ತ ಅವರನ್ನು ಮಣ್ಣು ಮಾಡಿದ ದಿನ ಕಣ್ಣಿಗೆ ಕಟ್ಟಿತು. ಆ ದಿನ ನನ್ನನ್ನು ಅಲ್ಲಿಗೆ ಬಿಡಲಿಲ್ಲ, ಕೇರಿಯ ತುದಿಯಲ್ಲಿ ನಿಲ್ಲಿಸಿದ್ದರು. ಅವರ ದಿಬ್ಬ ಇವತ್ತು ಮೊದಲ ಸಲ ನೋಡಿದೆ, ಅದರ ಮೇಲೆ ಹುಲ್ಲು ಬಂದಿದೆ. ಅತ್ತುಬಿಟ್ಟೆ. ಜನ ನಾನು ತಾಯಪ್ಪನ ತಾಯಿಗಾಗಿ ಅಳುತ್ತಿದ್ದೇನೆ ಅಂದುಕೊಂಡರು.

ಪಾದ್ರಿಗಳಿಗೆ ಏಳನೆಯ ಕಾಗದ. ಹೆಂಗಸಿನ ಕೈಯಿಂದ ಮಣ್ಣು ಮಾಡಿಸುವ ಹಾಗಾಗಿದೆ, ಇನ್ನಾದರೂ ಕಣ್ಣು ತೆರೆಯಿರಿ ಎಂದು ಬರೆದೆ. ಸ್ವಲ್ಪ ಹೆಚ್ಚಾಯಿತೇನೋ.

೧೨ ಆಗಸ್ಟ್, ಗುರುವಾರ

ಬಡಕಲಾದೆ ಎಂದು ಮೈಲಮ್ಮ ಬೀದಿಯಲ್ಲಿ ರೇಗಿಸಿದಳು. ಶೆಟ್ಟರ ಮನೆಗಳಿಗೆ ಕೌದಿ ಹೊಲಿದುಕೊಟ್ಟು ನುಚ್ಚು ತರುತ್ತಿದ್ದೆ. ಶೆಟ್ಟರು ರಜಾಕಾರರಿಗೆ ಹೆದರಿ ಮನೆಮಂದಿಯನ್ನೆಲ್ಲ ಕರ್ನೂಲಿನ ಕಡೆಗೆ ಕಳಿಸಿದರು. ಕೌದಿ ಯಾರಿಗೆ ಬೇಕು ಈಗ? ಒಂದು ಹೊತ್ತು ಅಂಬಲಿ, ಒಂದು ಹೊತ್ತು ಪ್ರಾರ್ಥನೆ.

ಹರವಿ ಮಾತ್ರ ತುಂಬುತ್ತಿದೆ. ಈ ಜನಕ್ಕೂ ಕೂಲಿ ಇಲ್ಲ, ಆದರೂ ಹಿಡಿ ತಪ್ಪಿಸುವುದಿಲ್ಲ. ಇವತ್ತು ಬಟ್ಟೆ ಬಿಚ್ಚಿ ನೋಡಿದೆ, ನುಸಿ ಬಿದ್ದಿತ್ತು. ಜೋಳವನ್ನು ಬಿಸಿಲಿಗೆ ಹರಡಿ, ಮೊರದಲ್ಲಿ ಕೇರಿ, ಬೇವಿನ ಸೊಪ್ಪು ಹಾಕಿ ಮತ್ತೆ ತುಂಬಿದೆ. ಕೇರುವಾಗ ಜೋಳದ ವಾಸನೆಗೆ ಬಾಯಲ್ಲಿ ನೀರು ಬಂತು. ತಪ್ಪು ತಪ್ಪು ಎಂದು ಕೆನ್ನೆ ಬಡಿದುಕೊಂಡೆ.

೨೬ ಆಗಸ್ಟ್, ಗುರುವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ಮೈಲಮ್ಮನ ಸೊಸೆ ಶೇಖಮ್ಮ ಹಸಿಬಾಣಂತಿ. ಸಂಜೆ ಬಂದು ಬಾಗಿಲಲ್ಲಿ ನಿಂತು, ಎರಡು ಸೇರು ಜೋಳ ಬೇಕಿತ್ತು, ಕೂಲಿ ಸಿಕ್ಕ ಮೇಲೆ ತಂದು ಹಾಕುತ್ತೇನೆ ಎಂದಳು. ಹಾಲು ಬತ್ತಿ ಕೂಸು ಅಳುತ್ತಿದೆಯಂತೆ. ನಾನು, ಅದು ದೇವರದು, ನನ್ನ ಕೈಯಲ್ಲಿಲ್ಲ ಎಂದೆ. ಆಕೆ ತಿರುಗಿ ಹೋದಳು. ನನ್ನ ನುಚ್ಚಿನಲ್ಲಿ ಅರ್ಧ ಕಟ್ಟಿಕೊಂಡು ಹೋಗಿ ಕೊಟ್ಟೆ. ತೆಗೆದುಕೊಂಡಳು, ಆದರೆ ಮುಖ ಎತ್ತಲಿಲ್ಲ.

ಕೆಟ್ಟದ್ದೇನೂ ಮಾಡಿಲ್ಲ ನಾನು. ಇನ್ನೊಬ್ಬರ ಗಂಟಿಗೆ ಕಾವಲಿದ್ದೇನೆ ಅಷ್ಟೆ. ಹಾಗಾದರೆ ಯಾಕೆ ನಿದ್ದೆ ಬರುತ್ತಿಲ್ಲ?

೧೨ ಸೆಪ್ಟೆಂಬರ್, ಭಾನುವಾರ

ಮೂವತ್ತೊಂದು ಜನ. ಹೊರಗೂ ಕೂತಿದ್ದರು. ಹೆದರಿಕೆಗೆ ಬರುತ್ತಾರೆ.

೧೪ ಸೆಪ್ಟೆಂಬರ್, ಮಂಗಳವಾರ

ನಿನ್ನೆ ವಿಮಾನ ಹಾರಿತು. ಹಿಂದೂಸ್ತಾನದ ಫೌಜು ನಾಲ್ಕೂ ಕಡೆಯಿಂದ ನುಗ್ಗಿದೆಯಂತೆ. ಊರಿಗೆ ಊರೇ ಬಾಗಿಲು ಹಾಕಿದೆ. ಗೌಡರ ಹೊಲಕ್ಕೆ ಕಳೆ ತೆಗೆಯಲು ಹೋದವರನ್ನು ಹಿಂದಕ್ಕೆ ಕಳಿಸಿದರು. ಕೇರಿಯ ಒಲೆಗಳಲ್ಲಿ ಇವತ್ತು ಹೊಗೆ ಕಾಣಲಿಲ್ಲ. ಎಲ್ಲರೂ ಒಂದೇ ಕಡೆ ಇದ್ದರೆ ಧೈರ್ಯ ಎಂದು ಪ್ರಾರ್ಥನಾ ಮನೆಗೆ ಬಂದು ಸೇರಿದ್ದಾರೆ. ನೆಲದ ಮೇಲೆ ಕಾಲಿಡಲು ಜಾಗವಿಲ್ಲ.

೧೬ ಸೆಪ್ಟೆಂಬರ್, ಗುರುವಾರ

ನಿನ್ನೆ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮೂರನೆಯ ದಿನ. ದೊಡ್ಡವರು ನೀರು ಕುಡಿದು ಕೂತಿದ್ದರು. ಮಕ್ಕಳು ಅತ್ತು ಅತ್ತು ಸುಮ್ಮನಾಗಿದ್ದವು. ಅವು ಸುಮ್ಮನಾದದ್ದೇ ನನಗೆ ತಡೆಯಲಾಗಲಿಲ್ಲ. ಇಷ್ಟು ಜನ ಆ ಹರವಿಗೆ ಬೆನ್ನು ಕೊಟ್ಟು ಕೂತಿದ್ದಾರೆ, ಒಬ್ಬರೂ ಅದರ ಕಡೆ ನೋಡುತ್ತಿಲ್ಲ. ಶೇಖಮ್ಮ ಬತ್ತಿದ ಎದೆಗೆ ಕೂಸನ್ನು ಒತ್ತಿಕೊಂಡು ಕಣ್ಣು ಮುಚ್ಚಿದ್ದಳು. ನಾನು ಎದ್ದು ಹೋಗಿ ಬಟ್ಟೆ ಬಿಚ್ಚಿದೆ. ಬರುವವರು ಬಂದು ಕೇಳಿದರೆ ನಾನು ಕಳ್ಳಿ ಎಂದೇ ಹೇಳುತ್ತೇನೆ, ಅದಕ್ಕೆ ತಯಾರಾಗಿಯೇ ಬಿಚ್ಚಿದೆ.

ಮೂರು ಮನೆಯ ಬೀಸುವ ಕಲ್ಲು ತಂದೆವು. ಹೆಂಗಸರು ಪಾಳಿಯ ಮೇಲೆ ಬೀಸಿದರು, ನಾನೂ ಬೀಸಿದೆ. ಹಿತ್ತಲಲ್ಲಿ ಒಲೆ ಹೂಡಿ ರೊಟ್ಟಿ ತಟ್ಟಿದೆವು. ಅಷ್ಟರಲ್ಲಿ ಪಿಂಜಾರ ಓಣಿಯ ಮದಾರಬೀ ಎರಡು ಹೆಣ್ಣುಮಕ್ಕಳನ್ನು ಸೆರಗಿನೊಳಗೆ ಸೇರಿಸಿಕೊಂಡು ಬಂದು ಬಾಗಿಲಲ್ಲಿ ನಿಂತಳು. ನಮ್ಮ ಕೌದಿಗೆ ಹತ್ತಿ ಬಡಿದುಕೊಡುತ್ತಿದ್ದವಳು. ಫೌಜು ಬಂದರೆ ಸಾಬರ ಮನೆ ಉಳಿಸುವುದಿಲ್ಲ ಎಂದು ಯಾರೋ ಹೆದರಿಸಿದ್ದರಂತೆ. ಒಳಗಿದ್ದ ಗಂಡಸರು ಮುಖ ಮುಖ ನೋಡಿಕೊಂಡರು. ರಜಾಕಾರರ ಹೊರೆ ಹೊತ್ತು ಬಾಸುಂಡೆ ಎದ್ದ ಬೆನ್ನು ಅವರಲ್ಲಿ ಮೂವರದು. ತಾಯಪ್ಪ ಎದ್ದು ಸ್ವಲ್ಪ ಸರಿದು ಜಾಗ ಮಾಡಿದ. ಅವನ ತಾಯಿಯ ಕೌದಿಯ ಹತ್ತಿಯೂ ಮದಾರಬೀ ಬಡಿದದ್ದೇ.

ಎಲ್ಲರಿಗೂ ಒಂದೊಂದು ರೊಟ್ಟಿ, ಮೇಲೆ ಖಾರ. ನಾನು ಬಡಿಸಿ ಮುಗಿಸಿ ಮೂಲೆಯಲ್ಲಿ ಕೂತೆ. ಮೈಲಮ್ಮ ತನ್ನ ರೊಟ್ಟಿ ಮುರಿಯದೆ ನನ್ನನ್ನೇ ನೋಡುತ್ತಿದ್ದಳು.

"ಪಂತುಲಮ್ಮ, ನಿಮ್ಮ ರೊಟ್ಟಿ ಎಲ್ಲೈತ್ರಿ?"

ಅದು ನನ್ನದಲ್ಲ, ಬರುವವರ ಪಾಲು, ಹಸಿದವರಿಗೆ ಕೊಟ್ಟದ್ದೇ ತಪ್ಪೋ ಸರಿಯೋ ತಿಳಿಯದು, ನಾನು ಹೇಗೆ ತಿನ್ನಲಿ ಎಂದೆ. ಮೈಲಮ್ಮ ರೊಟ್ಟಿ ಕೆಳಗಿಟ್ಟಳು.

"ಬರಾವ್ರಿಗಂತ ನಾವ್ಯಾವತ್ತೂ ಹಿಡಿ ತಗದಿಲ್ರಿ. ನಮ್ಮ ಸತ್ತವ್ರನ್ನ ಯಾರು ಮಣ್ಣಿಗಿಟ್ರು, ನಮ್ಮ ಮಕ್ಳಿಗೆ ಯಾರು ನಾಕಕ್ಷರ ಹೇಳಿದ್ರು, ಅವ್ರಿಗೆ ತಗದೀವಿ. ಐದು ತಿಂಗ್ಳಾತು, ನೀವು ಅದನ್ನ ಮುಟ್ಟವಲ್ರಿ. ನೀವು ನೇಕಾರ್ರ ಮಗಳು. ಪಂತುಲು ಇರೂತನ ಅವ್ರ ಸಲುವಾಗಿ ಉಂಡ್ರು, ಈಗ ನಮ್ಮ ಕೈಯಾಂದು ಇವ್ರಿಗೆ ಸೇರವಲ್ದು ಅಂತ ತಿಳ್ಕೊಂಡ್ವಿ. ಆದ್ರೂ ದೇವ್ರಿಗಿಟ್ಟ ರೂಢಿ, ಬಿಡಾಕ ಬರಾಂಗಿಲ್ಲಂತ ಹಾಕೇವಿ."

ಯಾರೂ ಅಲ್ಲ ಅನ್ನಲಿಲ್ಲ. ಶೇಖಮ್ಮ ತಲೆ ತಗ್ಗಿಸಿದಳು. ಕೇರಿಗೆ ಕೇರಿಯೇ ಹಾಗೆ ತಿಳಿದಿತ್ತು. ನಾನು ಒಂದೊಂದು ಕಾಳನ್ನೂ ಕಾಯುತ್ತ ನನ್ನ ನಿಷ್ಠೆಗೆ ನಾನೇ ಮೆಚ್ಚಿಕೊಳ್ಳುತ್ತಿದ್ದೆ. ಇವರು ಪ್ರತಿ ಭಾನುವಾರ ತಮ್ಮ ಹಿಡಿ ಸುರಿದು, ಜಾತಿಯ ಅವಮಾನ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದರು. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎದ್ದು ಹೋಗಿ ಮೈಲಮ್ಮನ ಮುಂದೆ ಕೂತು, ಆಕೆಯ ರೊಟ್ಟಿಯಲ್ಲಿ ಅರ್ಧ ಮುರಿದುಕೊಂಡು ತಿಂದೆ. ರೊಟ್ಟಿ ಬೇವಿನ ಕಹಿ ಹಿಡಿದಿತ್ತು, ನುಸಿಯ ಮುಗ್ಗು ವಾಸನೆ ಬೇರೆ. ಐದು ತಿಂಗಳಲ್ಲಿ ಹೊಟ್ಟೆ ತುಂಬಿದ್ದು ಅದೇ ಮೊದಲು. ಮೈಲಮ್ಮ ಉಳಿದರ್ಧವನ್ನೂ ನನ್ನ ಕಡೆ ನೂಕಿ, ಆಕೆಗೇ ಒಪ್ಪುವ ಬೈಗುಳ ಒಂದನ್ನು ಬೈದಳು. ಅದನ್ನು ಇಲ್ಲಿ ಬರೆಯಲಾರೆ.

೧೯ ಸೆಪ್ಟೆಂಬರ್, ಭಾನುವಾರ

ಎಲ್ಲ ಮುಗಿಯಿತಂತೆ. ನಿಜಾಮರು ಶರಣಾದರು. ಫೌಜಿನ ಲಾರಿಗಳು ಮಕ್ತಲದ ದಾರಿಯಲ್ಲಿ ಹೋದವು, ನಮ್ಮೂರಿಗೆ ತಿರುಗಲಿಲ್ಲ. ಆದರೆ ಮೇಲಿನ ಓಣಿಯ ಕೆಲವರು ಕೋಲು ಹಿಡಿದು ಪಿಂಜಾರ ಓಣಿಗೆ ಬಂದಿದ್ದರು. ಮದಾರಬೀ ಇಲ್ಲಿದ್ದಾಳೆಯೇ ಎಂದು ನಮ್ಮ ಬಾಗಿಲಿಗೂ ಬಂದರು. ನಾನು ಹೊಸಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ಪ್ರಾರ್ಥನೆ ನಡೆದಿದೆ, ಒಳಗೆ ಬರುವವರು ಚಪ್ಪಲಿ, ಕೋಲು ಹೊರಗಿಟ್ಟು ಬನ್ನಿರಿ ಎಂದೆ. ಕೇರಿಯವರು ಕೂತ ಮನೆಯೊಳಗೆ ಕಾಲಿಡುವ ಮನಸ್ಸು ಅವರಿಗೆ ಇರಲಿಲ್ಲ, ಮೈಲಿಗೆ ನೋಡಿ. ಬಂದ ದಾರಿಗೆ ಸುಂಕವಿಲ್ಲ ಎಂದು ಹೋದರು. ಅವರು ಕಣ್ಮರೆಯಾದ ಮೇಲೆ ಏಳಲು ಹೋಗಿ ಮೊರದ ಜೋಳ ಅರ್ಧ ಚೆಲ್ಲಿದೆ. ಹೆಕ್ಕಲು ಮದಾರಬೀಯ ಮಕ್ಕಳು ಕೂತರು.

೫ ಅಕ್ಟೋಬರ್, ಮಂಗಳವಾರ

ಟಪಾಲು ಶುರುವಾಯಿತು. ಪಾದ್ರಿಗಳ ಕಾಗದ. ಈ ಭಾಗಕ್ಕೆ ಸಿಕ್ಕಿದ್ದು ಒಬ್ಬನೇ ಪಂತುಲು, ಬೇಕಾಗಿರುವುದು ಮೂರು ಕಡೆ. ದಾಮರಗಿದ್ದದವರು ಇನ್ನೊಂದು ವರ್ಷ ತಾಳುತ್ತಾರೆ. ನಾರ್ವದಲ್ಲಿ ಪ್ರಾರ್ಥನಾ ಮನೆಗೆ ಬೀಗ ಬಿದ್ದು ಎರಡು ವರ್ಷವಾಯಿತು, ಆದರೂ ಒಂಬತ್ತು ಕಾಗದ ಬರೆದವರು ನೀವೊಬ್ಬರೇ, ಆದ್ದರಿಂದ ನಿಮಗೇ ಕಳಿಸುತ್ತೇನೆ ಎಂದಿದ್ದಾರೆ. ಹೆಸರು ಮೊಗುಲಪ್ಪ, ಮಲ್ದಕಲ್ ಕಡೆಯವನು, ಹೆಂಡತಿಯೂ ಇದ್ದಾಳೆ. ತಿಂಗಳ ಕೊನೆಗೆ ಬರುತ್ತಾನೆ.

ಅತ್ತ ಕೂಸಿಗೇ ಹಾಲು. ದೇವರು ಕೊನೆಗೂ ಕೇಳಿದ. ಸಂಗಮ್ಮನಿಗೆ ಬರೆದೆ, ನವೆಂಬರ್ ಮೊದಲಿಗೇ ಹೊರಡುತ್ತೇನೆ ಅಂತ.

೨೪ ಅಕ್ಟೋಬರ್, ಭಾನುವಾರ

ಪೆಟ್ಟಿಗೆ ಕಟ್ಟಿದೆ. ಎರಡು ಸೀರೆ, ವೇದ, ನಮ್ಮವರ ಕನ್ನಡಕ. ಕಟ್ಟುತ್ತ ಗದ್ವಾಲದ ಬೋರ್ಡಿಂಗಿನ ಅಂಗಳದ ಬೇವಿನ ಮರ, ಅದರ ಕೆಳಗೆ ಕೂತು ನಾವು ಅಕ್ಕಿ ಆರಿಸುತ್ತಿದ್ದದ್ದು, ದೊರಸಾನಿ ಹಾರ್ಮೋನಿಯಂ ನುಡಿಸುತ್ತಿದ್ದದ್ದು ಎಲ್ಲ ನೆನೆದುಕೊಂಡೆ. ನಮ್ಮವರು ಹೆಣ್ಣು ನೋಡಲು ಬಂದದ್ದೂ ಅಲ್ಲಿಗೇ. ಮೀಸೆಗೆ ಎಣ್ಣೆ ಹಚ್ಚಿಕೊಂಡು, ಬಿಸಿಲಲ್ಲಿ ಕೊಡೆ ಮಡಚಿ ಹಿಡಿದು ನಿಂತಿದ್ದರು. ಕೊಡೆ ಬಿಚ್ಚಲು ಬರುವುದಿಲ್ಲವೇನೋ ಎಂದು ಸಂಗಮ್ಮ ಕಿಸಕ್ಕನೆ ನಕ್ಕಿದ್ದಳು. ನಿಜವಾಗಿಯೂ ಬರುತ್ತಿರಲಿಲ್ಲ, ಯಾರದೋ ಕಡ ತಂದಿದ್ದರು.

ನಡುವೆ ನಾಲ್ಕು ಸಲ ಏಳಬೇಕಾಯಿತು. ಶೇಖಮ್ಮನ ಕೂಸಿಗೆ ಕೆಮ್ಮು, ತಾಯಪ್ಪನಿಗೆ ಮಗಳ ಮದುವೆಯ ಮಾತು, ಇನ್ನೊಬ್ಬರಿಗೆ ಕಾಗದ ಓದಿಸಬೇಕು. ಪೆಟ್ಟಿಗೆ ಕಟ್ಟಲೂ ಬಿಡುವುದಿಲ್ಲ ಈ ಜನ. ರಾತ್ರಿ ರೊಟ್ಟಿ ಮೂರು ತಿಂದೆ.

೩೦ ಅಕ್ಟೋಬರ್, ಶನಿವಾರ

ಮೊಗುಲಪ್ಪ ಬಂದ. ಮೂವತ್ತರ ಆಸುಪಾಸು, ತೆಳ್ಳಗೆ, ಮರ್ಯಾದೆಯ ಮನುಷ್ಯ. ಹೆಂಡತಿ ವೀರಬಸಮ್ಮ ಗಟ್ಟಿಗಿತ್ತಿ, ಬಂದವಳೇ ಕಸಬರಿಗೆ ಹುಡುಕಿದಳು. ಅವನು ಹಾಡಿದರೆ ನಾಯಿಯೂ ಕೂತು ಕೇಳುತ್ತದೆ. ಕರ್ತನು ನಾನು ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದಾನೆ, ಕುಂಟನೂ ಅಲ್ಲ.

ಊಟವಾದ ಮೇಲೆ ಮನೆಗಳ ವಿಷಯ ಹೇಳಿರಿ ಎಂದು ಕಾಗದ ತೆಗೆದುಕೊಂಡು ಕೂತ. ಹೇಳಿದೆ. ಮೈಲಮ್ಮನಿಗೆ ಎಡಗಿವಿ ಕೇಳುವುದಿಲ್ಲ, ಆದರೆ ಹಾಗೆಂದು ಹೇಳಬಾರದು. ತಾಯಪ್ಪ ಸುಮ್ಮನಿದ್ದರೆ ಒಪ್ಪಿಗೆ, ಕೆಮ್ಮಿದರೆ ಇಲ್ಲ. ಶೇಖಮ್ಮ ಬೇಕಾದ್ದನ್ನು ಇನ್ನು ಯಾವತ್ತೂ ಬಾಯಿ ಬಿಟ್ಟು ಕೇಳಲಾರಳು, ನಾವೇ ಹೋಗಿ ನೋಡಬೇಕು, ಅದು ನನ್ನಿಂದಾದ ತಪ್ಪು. ಮದಾರಬೀಯ ಮಕ್ಕಳು ಅಕ್ಷರ ಕಲಿಯಲು ಬರುತ್ತಾರೆ, ಪ್ರಾರ್ಥನೆಯ ಹೊತ್ತಿಗೆ ಅವರನ್ನು ಮನೆಗೆ ಕಳಿಸಬೇಕು, ತಾಯಿಗೆ ಕೊಟ್ಟ ಮಾತು ಅದು. ಅವನು ಎರಡು ಹಾಳೆ ತುಂಬಿಸಿದ, ಮೂರನೆಯದು ತೆಗೆದ. ನನ್ನ ಮಾತು ಮುಗಿಯುವ ಲಕ್ಷಣ ಇರಲಿಲ್ಲ. ಕೊನೆಗೆ ಅವನಿಗೇ ಆಕಳಿಕೆ ಬಂತು.

೩೧ ಅಕ್ಟೋಬರ್, ಭಾನುವಾರ

ಮೊಗುಲಪ್ಪ ಚೆನ್ನಾಗಿ ನಡೆಸಿದ. ಎಲ್ಲರೂ ಮೆಚ್ಚಿದರು. ಮೈಲಮ್ಮ ಮಾತ್ರ ನಡುವೆ ಬಾಯಿ ಹಾಕಲಿಲ್ಲ. ಹಿಡಿ ಸುರಿಯುವಾಗ ಹೆಂಗಸರು ಒಬ್ಬೊಬ್ಬರೂ ನನ್ನ ಮುಖ ನೋಡಿ ಸುರಿದರು. ಯಾರೂ ಇರು ಅನ್ನಲಿಲ್ಲ. ಗದ್ವಾಲದ ಆಸೆ ನನಗೆಷ್ಟಿದೆ ಎಂದು ಅವರಿಗೆ ಗೊತ್ತು, ನಾನೇ 'ಗದ್ವಾಲ ಗದ್ವಾಲ' ಎಂದು ಅವರ ಕಿವಿ ಕೊರೆದಿದ್ದೇನೆ.

ಮಧ್ಯಾಹ್ನ ನಾರ್ವದಿಂದ ಇಬ್ಬರು ಬಂದರು, ಒಬ್ಬ ಕರಿಬಸಯ್ಯ ಎನ್ನುವ ಮುದುಕ, ಮತ್ತೊಬ್ಬ ಅವನ ಅಳಿಯ. ಹೊಸ ಪಂತುಲು ಬಂದ ಸುದ್ದಿ ಕೇಳಿ ನಡೆದೇ ಬಂದಿದ್ದರು. ಎರಡು ವರ್ಷದಲ್ಲಿ ಆರು ಜನರನ್ನು ಪ್ರಾರ್ಥನೆಯಿಲ್ಲದೆ ಹೂಳಿದ್ದಾರೆ. ತಿಂಗಳಿಗೊಮ್ಮೆಯಾದರೂ ಮೊಗುಲಪ್ಪ ಬರಲಿ ಎಂದು ಕೇಳಲು ಬಂದದ್ದು. ಬರೆಯಲು ಬಲ್ಲವರಿಲ್ಲದೆ ಪಾದ್ರಿಗಳಿಗೆ ಅವರು ಒಂದು ಕಾಗದವನ್ನೂ ಹಾಕಿರಲಿಲ್ಲ. ಮುದುಕ ನೆಲದ ಮೇಲೆ ಕೂತು, ಕೈ ಜೋಡಿಸಿಕೊಂಡೇ ಮಾತಾಡಿದ. ನನ್ನ ಒಂಬತ್ತು ಕಾಗದ ನೆನಪಾದವು.

೧ ನವೆಂಬರ್, ಸೋಮವಾರ

ಬೆಳಿಗ್ಗೆ ಎದ್ದು ಹರವಿಯಿಂದ ಜೋಳ ತೆಗೆದು ಬೀಸಿದೆ. ಹದಿನೈದು ರೊಟ್ಟಿ ತಟ್ಟಿ ಬುತ್ತಿ ಕಟ್ಟಿದೆ. ವೀರಬಸಮ್ಮ ಬುತ್ತಿ ಗದ್ವಾಲದ ದಾರಿಗೆ ಎಂದುಕೊಂಡಳು. ಅಲ್ಲ, ನಾರ್ವಕ್ಕೆ, ಹೋಗುವವರು ನೀವಿಬ್ಬರು ಎಂದೆ. ಹತ್ತು ಸೇರು ಜೋಳವನ್ನೂ ಚೀಲಕ್ಕೆ ತುಂಬಿಸಿದೆ, ಅಲ್ಲಿ ಹಿಡಿ ಶುರುವಾಗುವವರೆಗೆ ಆಗುತ್ತದೆ. ಕರಿಬಸಯ್ಯ ನಂಬಲಾರದೆ ಎರಡು ಸಲ ಕೇಳಿದ. ಮೊಗುಲಪ್ಪ ಪಾಪ, ತನ್ನಿಂದ ಏನಾದರೂ ತಪ್ಪಾಯಿತೇ ಎಂದ. ತಪ್ಪೇನಿಲ್ಲ, ನೀನು ತುಂಬ ಚೆನ್ನಾಗಿದ್ದೀಯ, ಅದಕ್ಕೇ ಎಂದೆ. ಪಾದ್ರಿಗಳಿಗೆ ಹತ್ತನೆಯ ಕಾಗದ ಬರೆದು ಅವನ ಕೈಯಲ್ಲೇ ಕೊಟ್ಟೆ. ಓದಿ ಅವರು ಏನೆನ್ನುತ್ತಾರೋ. ಒಂಬತ್ತು ಕಾಗದ ಬರೆದು ತರಿಸಿಕೊಂಡು, ಮೂರನೆಯ ದಿನಕ್ಕೆ ಸಾಗಹಾಕಿದ ಹುಚ್ಚಿ ಅನ್ನಬಹುದು.

ಸಂಗಮ್ಮನಿಗೂ ಬರೆದೆ. ಬರೆಯುವಾಗ ಕೈ ನಿಂತು ನಿಂತು ಹೋಯಿತು. ಇನ್ನು ಆಕೆಯನ್ನು ನೋಡುತ್ತೇನೋ ಇಲ್ಲವೋ. ಆ ಅಂಗಳ, ಆ ಹುಡುಗಿಯರು, ಆಚೆ ದಡದ ಬೆಲ್ಲದಂಗಡಿ, ಯಾವುದೂ ಇನ್ನು ನನ್ನದಲ್ಲ. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮನಸಾರೆ ಅತ್ತೆ, ಕನ್ನಡದಲ್ಲೇ. ಆಮೇಲೆ ಮುಖ ತೊಳೆದು ಪೆಟ್ಟಿಗೆಯಿಂದ ಸೀರೆ ತೆಗೆದು ಗೂಟಕ್ಕೆ ಹಾಕಿದೆ. ಎದುರುಮನೆಯಿಂದ ಮೈಲಮ್ಮ ನೋಡುತ್ತಿದ್ದಳು. ತುಸು ಹೊತ್ತಿಗೆ ಮೊಸರಿನ ಕುಡಿಕೆ ತಂದು ಹೊಸಿಲ ಮೇಲಿಟ್ಟು ಹೋದಳು.

ಒಂದು ಬರೆಯುವುದು ಬಿಟ್ಟೆ. ಬಂಡಿ ಹೂಡಿದ ಮೇಲೆ ಮೊಗುಲಪ್ಪ ಮತ್ತೆ ಇಳಿದು ಬಂದ. ಅವನ ಮುಖ ಸಣ್ಣದಾಗಿತ್ತು.

"ಅಮ್ಮಾ, ಪಾದ್ರಿಗಳು ಬೈದ್ರ ಏನು ಹೇಳ್ಲಿ? ಇಲ್ಲಿ ಯಾರೂ ಇಲ್ಲಂತ ಅವ್ರು ನನ್ನ ಕಳಿಸ್ಯಾರ್ರಿ."

"ನಾರ್ವದಾಗ ಯಾರೂ ಇಲ್ಲಪ್ಪಾ. ಇಲ್ಲಿ ನಾನಿದ್ದೀನಿ ಅಂತ ಹೇಳು."